ಅಜ್ಜಿಯ ತೋಳಿನ ಕಲೆ, ಮೊಮ್ಮಗನಿಗಿಲ್ಲದ ರಕ್ಷೆ

ಬರ್ಮಿಂಗ್‌ಹ್ಯಾಮ್: ಮೊಮ್ಮಕ್ಕಳನ್ನು ನೋಡಲು ಊರಿನಿಂದ ಬಂದ ಅಜ್ಜಿಯ ತೋಳಿನಲ್ಲಿ ಸಿಡುಬಿನ ಲಸಿಕೆಯ ಕಲೆ ಇರುತ್ತದೆ. ಮಗನ ತೋಳಿನಲ್ಲೂ ಕಲೆ ಕಾಣಬಹುದು. ಆದರೆ 1980ರ ನಂತರ ಹುಟ್ಟಿದವರಾದರೆ ಅದು ಸಾಮಾನ್ಯವಾಗಿ ಕ್ಷಯ ತಡೆಯುವ ಬಿಸಿಜಿ ಗುರುತು. ಎರಡೂ ಒಂದಲ್ಲ.

ಜಗತ್ತಿನ ಕೊನೆಯ ಸಿಡುಬು ಸಾವಿನ ಕಥೆ ಈ ನಗರದ್ದೇ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಛಾಯಾಗ್ರಾಹಕಿಯಾಗಿದ್ದ ಜಾನೆಟ್ ಪಾರ್ಕರ್ 1978ರ ಸೆಪ್ಟೆಂಬರ್ 11ರಂದು ತೀರಿಕೊಂಡರು. ಅದೇ ಕಟ್ಟಡದ ಕೆಳಮಹಡಿಯಲ್ಲಿ ಸಿಡುಬು ವೈರಸ್‌ನ ಪ್ರಯೋಗಾಲಯವಿತ್ತು. ಅವರು 1966ರಲ್ಲಿ ಲಸಿಕೆ ಪಡೆದಿದ್ದರು. ಹನ್ನೆರಡು ವರ್ಷಗಳಲ್ಲಿ ಅದರ ಬಲ ಕುಂದಿತ್ತು.

ಬ್ರಿಟನ್ 1971ರಲ್ಲೇ ಮಕ್ಕಳಿಗೆಲ್ಲ ಸಿಡುಬು ಲಸಿಕೆ ಹಾಕುವುದನ್ನು ನಿಲ್ಲಿಸಿತ್ತು. ಭಾರತ ತನ್ನ ಕೊನೆಯ ಪ್ರಕರಣವನ್ನು ಕಂಡದ್ದು 1975ರಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲನೆಯನ್ನು ಘೋಷಿಸಿತು. ಹಾಗಾಗಿ ಇಂದಿನ ಯುವ ಪೀಳಿಗೆಗೆ ಆ ರಕ್ಷೆಯಿಲ್ಲ.

ಸಿಡುಬಿನ ಬಂಧು ವೈರಸ್ ಎಂಪಾಕ್ಸ್ 2022ರಲ್ಲಿ ಬ್ರಿಟನ್‌ನಲ್ಲಿ ಹರಡಿದಾಗ ಈ ಅಂತರ ಮತ್ತೆ ನೆನಪಾಯಿತು. ಹಳೆಯ ಸಿಡುಬು ಲಸಿಕೆ ಅದರ ವಿರುದ್ಧವೂ ಸ್ವಲ್ಪಮಟ್ಟಿಗೆ ಕಾಯುತ್ತದೆ. ಈಗ ಲಸಿಕೆ ಸಿಗುವುದು ಹೆಚ್ಚು ಅಪಾಯದಲ್ಲಿರುವವರಿಗೆ ಮಾತ್ರ. ಲೀಡ್ಸ್, ಮ್ಯಾಂಚೆಸ್ಟರ್ ಕನ್ನಡಿಗರಿಗೂ ಹೇಳುವುದಿಷ್ಟೇ: ಎಂಪಾಕ್ಸ್‌ನ ಗುಳ್ಳೆ, ಜ್ವರ ಎಂಬ ಅನುಮಾನ ಬಂದರೆ ಆಸ್ಪತ್ರೆಗೆ ಹೊರಡುವ ಮೊದಲು 111ಕ್ಕೆ ಕರೆ ಮಾಡಿ.