ಜಾಗವಿದ್ದರೂ ಸರ್ವರ್ ನಿಧಾನವೇಕೆ?

ಪರೀಕ್ಷಾ ಫಲಿತಾಂಶದ ದಿನ ನೋಂದಣಿ ಸಂಖ್ಯೆ ಒತ್ತಿ, ತೆರೆಯದ ಪುಟದ ಮುಂದೆ ಕಾದು ಕುಳಿತ ಅನುಭವ ಅನೇಕರಿಗಿದೆ. ನಾನು ಬಲ್ಲ ಕಾಲೇಜೊಂದರಲ್ಲಿಯೂ ಹೀಗಾಯಿತು. ಸರ್ವರ್‌ನ ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗ ಖಾಲಿಯಿತ್ತು. ಆದರೂ 'ಇನ್ನೂ ದೊಡ್ಡ ಡಿಸ್ಕ್ ಕೊಳ್ಳೋಣ' ಎಂಬ ಸಲಹೆ ಬಂತು. ಕೊಂಡಿದ್ದರೆ ಹಣ ದಂಡವಾಗುತ್ತಿತ್ತು. ಡಿಸ್ಕ್ ಎಷ್ಟು ದತ್ತಾಂಶ ಹಿಡಿಯುತ್ತದೆ ಎಂಬುದು ಒಂದು ಮಾತು. ಸೆಕೆಂಡಿಗೆ ಎಷ್ಟು ಕೋರಿಕೆಗಳನ್ನು ಪೂರೈಸುತ್ತದೆ ಎಂಬುದು ಬೇರೆಯೇ ಮಾತು.

ತಿರುಗುವ ತಟ್ಟೆಯ ಲೆಕ್ಕ

ಸಾಮಾನ್ಯ ಹಾರ್ಡ್ ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ದತ್ತಾಂಶ ಓದುಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, 4.2 ಮಿಲಿಸೆಕೆಂಡ್ ಬೇಕು. ತಲೆಯು ಸರಿಯಾದ ಪಥಕ್ಕೆ ಸರಿಯಲು ಸುಮಾರು 8.5 ಮಿಲಿಸೆಕೆಂಡ್ ಎನ್ನೋಣ. ಒಟ್ಟು 12.7 ಮಿಲಿಸೆಕೆಂಡ್. ಹಾಗಾದರೆ ಸೆಕೆಂಡಿಗೆ ಸುಮಾರು 79 ಕೋರಿಕೆಗಳು ಮಾತ್ರ! ಡಿಸ್ಕ್‌ನ ಗಾತ್ರ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ.

ಸರತಿಯ ನಿಯಮ

ಸೆಕೆಂಡಿಗೆ 79ರವರೆಗೆ ತೊಂದರೆಯಿಲ್ಲವೇ? ಇದೆ. ಕೋರಿಕೆಗಳು ಒಂದೇ ಅಂತರದಲ್ಲಿ ಬರುವುದಿಲ್ಲ. ಬಂದಾಗ ಗುಂಪಾಗಿ ಬರುತ್ತವೆ. ದೂರವಾಣಿ ಕರೆಗಳ ಇಂಥ ದಟ್ಟಣೆಯನ್ನು ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿಯೇ ಗಣಿತದಿಂದ ವಿವೇಚಿಸಿದ್ದರು. ಸರತಿಯ ಸರಳ ಮಾದರಿಯ ಪ್ರಕಾರ,

ಪ್ರತಿಕ್ರಿಯಾ ಕಾಲ = ಸೇವಾ ಕಾಲ ÷ (1 − ಬಳಕೆಯ ಪ್ರಮಾಣ)

ಡಿಸ್ಕ್ ಅರ್ಧದಷ್ಟು ಕಾಲ ಕಾರ್ಯನಿರತವಾಗಿದ್ದರೆ ಪ್ರತಿಕ್ರಿಯಾ ಕಾಲ ಸೇವಾ ಕಾಲದ 2 ಪಟ್ಟು. ಶೇ. 80ಕ್ಕೆ 5 ಪಟ್ಟು, ಶೇ. 90ಕ್ಕೆ 10 ಪಟ್ಟು, ಶೇ. 95ಕ್ಕೆ 20 ಪಟ್ಟು! ಕೊನೆಯ ಸ್ವಲ್ಪ ಹೊರೆಯೇ ಸರ್ವರನ್ನು ಕುಸಿಯುವಂತೆ ಮಾಡುತ್ತದೆ.

ಈಗ ಯೋಜನೆ ಮಾಡೋಣ. ಗರಿಷ್ಠ ಹೊರೆ ಸೆಕೆಂಡಿಗೆ 300 ಕೋರಿಕೆಗಳು ಎಂದಿರಲಿ. 79ರಿಂದ ಭಾಗಿಸಿದರೆ 4 ಡಿಸ್ಕ್ ಸಾಕೆನಿಸುತ್ತದೆ. ಆದರೆ ಹೊರೆ ಸಮನಾಗಿ ಹಂಚಿದರೂ ಬಳಕೆ ಶೇ. 95, ಪ್ರತಿಕ್ರಿಯೆಗೆ ಸುಮಾರು 250 ಮಿಲಿಸೆಕೆಂಡ್. 6 ಡಿಸ್ಕ್‌ಗಳಾದರೆ ಬಳಕೆ ಶೇ. 63, ಪ್ರತಿಕ್ರಿಯೆಗೆ ಕೇವಲ 35 ಮಿಲಿಸೆಕೆಂಡ್.

ಅಳೆಯುವಾಗ ಎಚ್ಚರ

ಲಿನಕ್ಸ್ ಸರ್ವರ್‌ನಲ್ಲಿ 'ಐಓಸ್ಟ್ಯಾಟ್' ಎಂಬ ಆದೇಶವು ಸೆಕೆಂಡಿಗೆ ಎಷ್ಟು ಓದು, ಎಷ್ಟು ಬರಹ, ಸರತಿಯಲ್ಲಿ ಕಾದದ್ದೂ ಸೇರಿ ಪ್ರತಿಯೊಂದಕ್ಕೂ ಸರಾಸರಿ ಎಷ್ಟು ಸಮಯ ಎಂಬುದನ್ನು ತಿಳಿಸುತ್ತದೆ. ಇಡೀ ದಿನದ ಸರಾಸರಿಯನ್ನು ನಂಬಬೇಡಿ. ರಾತ್ರಿಯ ಬಿಡುವು ಹಗಲಿನ ನೂಕುನುಗ್ಗಲನ್ನು ಮುಚ್ಚಿಹಾಕುತ್ತದೆ. ಪರೀಕ್ಷೆಗೆ ಬಳಸುವ ಕಡತ ಗಣಕದ ಸ್ಮೃತಿಗಿಂತ ದೊಡ್ಡದಿರಲಿ. ಇಲ್ಲವಾದರೆ ನೀವು ಅಳೆಯುವುದು ಸ್ಮೃತಿಯನ್ನು, ಡಿಸ್ಕನ್ನಲ್ಲ.

ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳು ಸೆಕೆಂಡಿಗೆ ಸಾವಿರಾರು ಕೋರಿಕೆಗಳನ್ನು ಪೂರೈಸುತ್ತವೆ. ಮಿತಿ ಮೇಲೇರಿದೆ ನಿಜ, ಆದರೆ ಮಿತಿಯ ಹತ್ತಿರ ಸರತಿ ಬೆಳೆಯುವುದು ತಪ್ಪಿಲ್ಲ. ಮೇಲಿನ ಸೂತ್ರದ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಬರೆಯಿಸಿ ನೋಡಿ. ಆ ವಕ್ರರೇಖೆ ಎಲ್ಲಿ ಕಡಿದಾಗಿ ಏರತೊಡಗುತ್ತದೆಯೋ, ಅದಕ್ಕೂ ಮೊದಲೇ ಹೊಸ ಡಿಸ್ಕ್ ಬಂದಿರಬೇಕು.