ಮಾಂತ್ರಿಕನ ಗುರು

ಕಥೆಯನ್ನು ಕೇಳುವುದೂ ಓದುವುದೂ ನಮಗೆ ಪರಿಚಿತ. ಆದರೆ ಕಥೆಯನ್ನು ಆಡುವುದೆಂದರೇನು? 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಎಂಬಿಬ್ಬರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂಥದೊಂದು ಆಟ. ಕೆಲವರು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಸೂತ್ರಧಾರ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಅದರ ಮಾತನ್ನೂ ನಡೆಯನ್ನೂ ತಾವೇ ನಿರ್ಧರಿಸುತ್ತ ಕಥೆಯನ್ನು ಬೆಳೆಸುತ್ತಾರೆ. ಫಲ ಸಂದಿಗ್ಧವಾದಲ್ಲಿ ದಾಳ ತೀರ್ಪು ಕೊಡುತ್ತದೆ.

ಆಟ ತೊಡಗುವ ಮುನ್ನ ಪಾತ್ರಕ್ಕೊಂದು ಪೂರ್ವಕಥೆಯನ್ನು ಕಟ್ಟಿಕೊಳ್ಳುವುದು ಹಲವರ ರೂಢಿ. ಮಾಂತ್ರಿಕನ ಪೂರ್ವಕಥೆಯಲ್ಲಿ ಗುರುವಿಗೆ ವಿಶೇಷ ಸ್ಥಾನವಿದೆ. ಏಕೆಂದರೆ ಈ ಆಟದ ಮಾಂತ್ರಿಕನದು ಓದಿ ಸಂಪಾದಿಸಿದ ವಿದ್ಯೆ. ಹಳೆಯ ನಿಯಮಗಳಂತೆ ಅವನು ಪುಸ್ತಕದಿಂದ ಮಂತ್ರವನ್ನು ಕಂಠಸ್ಥ ಮಾಡಬೇಕು. ಪ್ರಯೋಗಿಸಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ. ಮತ್ತೆ ಪುಸ್ತಕವನ್ನೇ ಆಶ್ರಯಿಸಬೇಕು.

ಆ ಪುಸ್ತಕ ಅವನಿಗೆ ಬಂದುದೆಲ್ಲಿಂದ? 1979ರಲ್ಲಿ ಹೊರಬಂದ ಸೂತ್ರಧಾರರ ಕೈಪಿಡಿ ಇದಕ್ಕೆ ಉತ್ತರ ಕೊಡುತ್ತದೆ. ಹೊಸ ಮಾಂತ್ರಿಕನು ಹಿರಿಯ ಗುರುವೊಬ್ಬನಲ್ಲಿ ಅಭ್ಯಾಸ ಮುಗಿಸಿ ಆಗತಾನೆ ಹೊರಬಿದ್ದವನು. ಅವನ ಪುಸ್ತಕದಲ್ಲಿರುವುದು ನಾಲ್ಕೇ ಮಂತ್ರ. ಆಕ್ರಮಣಕ್ಕೊಂದು, ರಕ್ಷಣೆಗೊಂದು, ಇತರ ಉಪಯೋಗಕ್ಕೊಂದು. ಈ ಮೂರೂ ಬಹುಮಟ್ಟಿಗೆ ದಾಳದ ಪಾಲು. ನಾಲ್ಕನೆಯದು ಮಾತ್ರ ಎಲ್ಲರಿಗೂ ಖಚಿತ. ಅದು ಮಂತ್ರಲಿಪಿಯನ್ನು ಓದಬಲ್ಲ ಮಂತ್ರ. ಬಹುಕಾಲ ಪಾಠ ಹೇಳಿದ ನನಗೆ ಈ ನಿಯಮ ಅರ್ಥಗರ್ಭಿತವೆನಿಸಿತು. ಶಿಷ್ಯನಿಗೆ ಒದಗುವ ಮಿಕ್ಕುದೆಲ್ಲ ಅದೃಷ್ಟಾಧೀನವಾದರೂ, ಓದುವ ಶಕ್ತಿಯನ್ನು ಗುರು ಕೊಟ್ಟೇ ಕಳುಹಿಸಬೇಕು.

ಆದರೆ ಓದಬಲ್ಲವನು ಓದಬಾರದ್ದನ್ನೂ ಓದಿಯಾನು. ಆಗ ಗುರುವಿನ ಕರ್ತವ್ಯವೇನು? ಕೈಪಿಡಿ ಇಲ್ಲಿ ಮೌನವಾಗಿದೆ. ಆಟಕ್ಕಿಂತ ಆರು ವರ್ಷ ಹಿಂದೆ, 1968ರಲ್ಲಿ, ಅರ್ಸುಲಾ ಲೆ ಗ್ವಿನ್ ಬರೆದ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಕಾದಂಬರಿಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಅಲ್ಲಿ ಮಿತಭಾಷಿಯಾದ ಓಗಿಯನ್ ಗುರು. ಆತುರದ ಹುಡುಗ ಗೆಡ್ ಶಿಷ್ಯ. ಗುರುವಿಲ್ಲದ ವೇಳೆ ಗೆಡ್ ಅವನ ಗ್ರಂಥವನ್ನು ತೆರೆದು, ಸತ್ತವರನ್ನು ಕರೆಯುವ ಮಂತ್ರವನ್ನು ಓದುತ್ತಾನೆ. ಬಾಗಿಲ ಬಳಿ ಕರಿನೆರಳೊಂದು ಮೂಡುತ್ತದೆ. ಹಿಂದಿರುಗಿದ ಗುರು ಅದನ್ನು ಓಡಿಸುತ್ತಾನೆ. ಆಮೇಲೆ ಶಿಷ್ಯನನ್ನು ಕಟ್ಟಿಹಾಕದೆ, ತನ್ನಲ್ಲೇ ಉಳಿಯುವುದೋ ರೋಕ್ ದ್ವೀಪದ ವಿದ್ಯಾಪೀಠಕ್ಕೆ ಹೋಗುವುದೋ ಎಂಬ ಆಯ್ಕೆಯನ್ನು ಅವನಿಗೇ ಬಿಡುತ್ತಾನೆ. ಗೆಡ್ ಹೊರಟುಹೋಗುತ್ತಾನೆ. ಅಲ್ಲಿ ಗರ್ವದಿಂದ ಅದೇ ನೆರಳನ್ನು ಮತ್ತೆ ಈ ಲೋಕಕ್ಕೆ ಕರೆತಂದು ನರಳುತ್ತಾನೆ. ಕೊನೆಗೆ ಗಿಡುಗನ ರೂಪದಲ್ಲಿ ಹಾರಿಬಂದವನನ್ನು ಗುರುತಿಸಿ, ಅವನಿಗೆ ಮನುಷ್ಯರೂಪವನ್ನು ಮರಳಿ ಕೊಡುವವನು ಓಗಿಯನ್‌ನೇ. ಓಡುವುದನ್ನು ಬಿಟ್ಟು ನೆರಳಿಗೆ ಎದುರಾಗೆಂದು ಹೇಳುವವನೂ ಅವನೇ.

ಪೂರ್ವಕಥೆಯಲ್ಲಿ ಗುರುವನ್ನು ಕೊಂದು ಶಿಷ್ಯನಿಗೆ ಸೇಡಿನ ಕಾರಣ ಒದಗಿಸುವುದು ಸುಲಭ. ಅವನನ್ನು ಬದುಕಿರಗೊಡುವುದು ಕಷ್ಟ. ಆಗ ಶಿಷ್ಯನು ತನ್ನ ತಪ್ಪನ್ನು ಹೊತ್ತುಕೊಂಡು ಎಂದಾದರೊಂದು ದಿನ ಆ ಮನೆಯ ಬಾಗಿಲಿಗೆ ಬರಬೇಕಾಗುತ್ತದೆ. ಆ ಬಾಗಿಲು ತೆರೆದಿರುವಂತೆ ಕಥೆ ಕಟ್ಟುವ ಆಟಗಾರನು, ಆಟದ ನೆಪದಲ್ಲಿ, ಗುರುಶಿಷ್ಯಸಂಬಂಧದ ಮರ್ಮವನ್ನೇ ಮುಟ್ಟಿದ್ದಾನೆಂದು ನಾನು ಭಾವಿಸುತ್ತೇನೆ.