ಮುಖ ಕೆಂಪಾಗಿ ಉರಿಯುತ್ತಿದೆಯೇ? ಮೆಡಿಕಲ್ ಅಂಗಡಿಯ ಟ್ಯೂಬ್ ಹಚ್ಚುವ ಮೊದಲು ಓದಿ



ಬೆಳಗಿನ ಲೋಕಲ್ ರೈಲಿನಿಂದ ಇಳಿಯುವಾಗ ನಿಮ್ಮ ಎರಡೂ ಕೆನ್ನೆ ಕಾದ ಹಂಚಿನ ಹಾಗೆ ಬಿಸಿಯಾಗಿರುತ್ತವೆಯೇ? ಆಫೀಸಿನ ಏಸಿಯಲ್ಲಿ ಅರ್ಧ ಗಂಟೆ ಕೂತರೂ ಆ ಉರಿ ಇಳಿಯುವುದಿಲ್ಲವೇ? ಮೂಗಿನ ಪಕ್ಕ, ಗದ್ದದ ಮೇಲೆ ಸಣ್ಣ ಗುಳ್ಳೆ ಎದ್ದು, "ಈ ವಯಸ್ಸಿನಲ್ಲಿ ಇದೆಂಥ ಮೊಡವೆ" ಎಂದು ಮನೆಯವರು ನಕ್ಕಿದ್ದಾರೆಯೇ?

ಅದು ಮೊಡವೆ ಆಗಿರಲಿಕ್ಕಿಲ್ಲ. ರೋಸೇಶಿಯಾ ಎಂಬ ಚರ್ಮದ ತೊಂದರೆ ಇರಬಹುದು. ಹೆಸರು ಕೇಳಿ ಹೆದರಬೇಡಿ. ಅಂಟುರೋಗ ಅಲ್ಲ, ರಕ್ತ ಕೆಟ್ಟು ಬಂದದ್ದಲ್ಲ, ಸ್ವಚ್ಛತೆ ಕಡಿಮೆಯಾಗಿ ಬಂದದ್ದೂ ಅಲ್ಲ. ಮುಖದ ನಡುಭಾಗದ ಸಣ್ಣ ರಕ್ತನಾಳಗಳು ಮತ್ತು ನರಗಳು ಬಿಸಿಲು, ಬಿಸಿ, ಖಾರಕ್ಕೆಲ್ಲ ಅತಿಯಾಗಿ ಸ್ಪಂದಿಸಿ ಚರ್ಮ ಉರಿಯೂತಕ್ಕೆ ಒಳಗಾಗುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳ ಇಂಥವರ ಮುಖದಲ್ಲಿ ಹೆಚ್ಚಾಗಿರುತ್ತದೆ. ಸಾಮಾನ್ಯವಾಗಿ 30 ದಾಟಿದ ಮೇಲೆ ಶುರು, ಹೆಂಗಸರಲ್ಲಿ ಹೆಚ್ಚು. ಗಂಡಸರಲ್ಲಿ ಕೆಲವರಿಗೆ ವರ್ಷಗಳು ಕಳೆದಂತೆ ಮೂಗು ದಪ್ಪವಾಗುತ್ತದೆ.

ನಾನು ಡಾಕ್ಟರಲ್ಲ. ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದು 22 ವರ್ಷ, ಈ ಮುಖದ ಉರಿ ಶುರುವಾಗಿ 6 ವರ್ಷ. ಮೊದಲು ಊರಿನಿಂದ ಅತ್ತೆ ಫೋನಿನಲ್ಲಿ, "ಉಷ್ಣ ಆಗೇತಿ ನೋಡವಾ, ತಲಿಗೆ ಹರಳೆಣ್ಣಿ ಹಾಕ್ಕೋ" ಎಂದರು. ಹಾಕಿಕೊಂಡೆ, ನಷ್ಟವೇನೂ ಆಗಲಿಲ್ಲ. ಪಾರ್ಲರಿನವಳು ಬ್ಲೀಚ್ ಮಾಡಿದಳು, ಅಲ್ಲಿ ನಷ್ಟವಾಯಿತು. ಪಕ್ಕದ ಮನೆಯವರ ಮಾತು ಕೇಳಿ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಉಜ್ಜಿದೆ, ಎರಡು ದಿನ ಮುಖ ಮುಟ್ಟಲಾಗಲಿಲ್ಲ. ಕೊನೆಗೆ ಬಿಲ್ಡಿಂಗಿನ ಕೆಳಗಿನ ಮೆಡಿಕಲ್ ಅಂಗಡಿಯವನು ಒಂದು ಟ್ಯೂಬ್ ಕೊಟ್ಟ. ಚೀಟಿ ಕೇಳಲಿಲ್ಲ, ನಾನೂ ಏನಿದು ಎಂದು ಕೇಳಲಿಲ್ಲ.

ಮೂರೇ ದಿನದಲ್ಲಿ ಮುಖ ಹಾಲಿನ ಹಾಗಾಯಿತು. ಗುಳ್ಳೆ ಇಲ್ಲ, ಉರಿ ಇಲ್ಲ, ಬಣ್ಣವೂ ಒಂದು ಸುತ್ತು ತಿಳಿಯಾಯಿತು. ಕಿಟ್ಟಿ ಪಾರ್ಟಿಯಲ್ಲಿ ನಾಲ್ಕು ಜನ ಟ್ಯೂಬಿನ ಹೆಸರು ಬರೆದುಕೊಂಡರು. (ಆ ನಾಲ್ವರೂ ಈ ಗುಂಪಿನಲ್ಲಿದ್ದೀರಿ. ದಯವಿಟ್ಟು ಮುಂದೆ ಓದಿ.) ಎಂಟು ತಿಂಗಳು ದಿನಾ ರಾತ್ರಿ ಹಚ್ಚಿದೆ. ಒಂದು ರಾತ್ರಿ ತಪ್ಪಿದರೆ ಬೆಳಿಗ್ಗೆ ಕೆನ್ನೆ ಧಗಧಗ. ಆ ವರ್ಷ ಅಣ್ಣನ ಮಗಳ ಮದುವೆಗೆ ಧಾರವಾಡಕ್ಕೆ ಹೋದಾಗ ಟ್ಯೂಬ್ ಮನೆಯಲ್ಲೇ ಮರೆತೆ. ಎರಡನೇ ದಿನಕ್ಕೆ ಮುಖ ಊದಿ, ಕೆಂಪಾಗಿ, ಕೀವುಗುಳ್ಳೆ ತುಂಬಿತು. ಅಕ್ಷತೆ ಹಾಕುವ ಹೊತ್ತಿಗೆ ನಾನು ಕಲ್ಯಾಣ ಮಂಟಪದ ಕೋಣೆಯೊಳಗೆ ಒದ್ದೆ ಬಟ್ಟೆ ಮುಖಕ್ಕೆ ಒತ್ತಿಕೊಂಡು ಕೂತಿದ್ದೆ. ಎತ್ತಿ ಆಡಿಸಿದ ಹುಡುಗಿಯ ಮಾಂಗಲ್ಯಧಾರಣೆಯನ್ನು ಆಮೇಲೆ ವಿಡಿಯೊದಲ್ಲಿ ನೋಡಿದೆ.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟಿರಾಯ್ಡ್.

*ಈಗಲೇ ಎದ್ದು ನಿಮ್ಮ ಮನೆಯ ಟ್ಯೂಬುಗಳನ್ನು ನೋಡಿ.* ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಟಿರಾಯ್ಡ್ ಕ್ರೀಮ್. ಇವು ಕೆಟ್ಟ ಔಷಧಿಗಳಲ್ಲ. ಸೋರಿಯಾಸಿಸ್, ಇಸುಬಿಗೆ ಡಾಕ್ಟರು ಲೆಕ್ಕ ಹಾಕಿ, ಇಷ್ಟೇ ದಿನ ಎಂದು ಕೊಡುತ್ತಾರೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳ ಬಲೆ ಮೇಲೆ ಕಾಣುತ್ತದೆ, ಕೂದಲು ಬೆಳೆಯುತ್ತದೆ. ಹಚ್ಚಿದಾಗ ರಕ್ತನಾಳ ಕುಗ್ಗಿ ಮುಖ ತಿಳಿಯಾಗುತ್ತದೆ, ಬಿಟ್ಟ ಕೂಡಲೇ ಅದೇ ನಾಳಗಳು ಹಿಗ್ಗಿ ಮೊದಲಿಗಿಂತ ಜೋರಾಗಿ ಉರಿಯುತ್ತದೆ. ರೋಸೇಶಿಯಾ ಇಲ್ಲದವರಿಗೂ ಇದರಿಂದ ರೋಸೇಶಿಯಾದಂಥದೇ ಮುಖ ಬರುತ್ತದೆ. ಬೆಳ್ಳಗಾಗಲು ಹಚ್ಚುವ ಕೆಲವು "ನೈಟ್ ಕ್ರೀಮ್" ಮಿಶ್ರಣಗಳಲ್ಲೂ ಮೊಮೆಟಾಸೋನ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಅಂಗಡಿಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು.

ಬಹಳ ದಿನದಿಂದ ಹಚ್ಚುತ್ತಿದ್ದರೆ ಇದನ್ನು ಓದಿ ಇವತ್ತೇ ಎಸೆದು ಸುಮ್ಮನಾಗಬೇಡಿ. ಚರ್ಮರೋಗ ತಜ್ಞರ ಬಳಿ ಹೋಗಿ, ಅವರು ಹೇಳಿದ ಕ್ರಮದಲ್ಲಿ ಬಿಡಿ. ಬಿಟ್ಟ ಮೇಲಿನ ಕೆಲವು ವಾರ ಕಷ್ಟ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. "ಔಷಧಿ ಬಿಟ್ಟಿದ್ದಕ್ಕೇ ಜಾಸ್ತಿಯಾಯಿತು" ಎಂದು ಮತ್ತೆ ಟ್ಯೂಬಿಗೆ ಕೈ ಹಾಕುವುದು ಆಗಲೇ. ನಾನು ಎರಡು ಸಲ ಹಾಕಿದ್ದೇನೆ.

ನಮ್ಮ ಗೋಧಿ ಬಣ್ಣ, ಎಣ್ಣೆಗಪ್ಪು ಬಣ್ಣದ ಮುಖದಲ್ಲಿ ರೋಸೇಶಿಯಾ ಬೇಗ ಗೊತ್ತಾಗುವುದಿಲ್ಲ. ಪುಸ್ತಕದ ಚಿತ್ರದಲ್ಲಿರುವ ಟೊಮೆಟೊ ಕೆಂಪು ಕಾಣದು, ಕಂದು ಛಾಯೆ ಅಥವಾ ಕಪ್ಪು ಕಟ್ಟಿದ ಹಾಗೆ ಕಾಣುತ್ತದೆ. ಹಾಗಾಗಿ ಕನ್ನಡಿಗಿಂತ ಅನುಭವವನ್ನು ನಂಬಿ. ಮುಖ ತುರಿಸುವುದಕ್ಕಿಂತ ಉರಿಯುತ್ತದೆಯೇ? ನೀರು ಬಿದ್ದರೂ ಚುರುಗುಟ್ಟುತ್ತದೆಯೇ? ಗುಳ್ಳೆಗಳ ನಡುವೆ ಮೊಡವೆಯಲ್ಲಿರುವಂಥ ಕಪ್ಪು ತಲೆ ಇಲ್ಲವೇ? ಇವು ಸುಳಿವುಗಳು. ಕೆನ್ನೆ ಕೆಂಪಿನ ಜೊತೆ ಕೀಲುನೋವು, ಜ್ವರ, ಬಾಯಿಹುಣ್ಣು ಇದ್ದರೆ ಅದು ಲೂಪಸ್ ಎಂಬ ಬೇರೆಯೇ ಕಾಯಿಲೆ ಇರಬಹುದು, ತಡಮಾಡಬೇಡಿ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಮುಖ ಕಾವೇರುತ್ತದೆ. ಅಮ್ಲೋಡಿಪಿನ್‌ನಂಥ ಕೆಲವು ಬಿಪಿ ಮಾತ್ರೆಗಳಿಂದಲೂ ಹಾಗಾಗುತ್ತದೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಇನ್ನು ನಮ್ಮ ನಗರಗಳ ಮಾತು. ಮುಂಬಯಿ, ಚೆನ್ನೈಗಳಲ್ಲಿ ಸೆಕೆ ಮತ್ತು ಜನಜಂಗುಳಿ. ದೆಹಲಿಯಲ್ಲಿರುವವರಿಗೆ ಜನವರಿಯ ಕೊರೆಯುವ ಗಾಳಿ, ಅದರಿಂದ ಒಳಗೆ ಬಂದು ನೇರ ರೂಮ್ ಹೀಟರ್ ಮುಂದೆ ಕೂರುವುದು. ಪುಣೆಯ ಹೆಣ್ಣುಮಕ್ಕಳು ಸ್ಕೂಟಿಯ ಮೇಲೆ ಮುಖಕ್ಕೆ ಓಢಣಿ ಸುತ್ತುವುದು ಬಿಸಿಲಿಗೆ ಒಳ್ಳೆಯದೇ, ಆದರೆ ದಪ್ಪ ಸಿಂಥೆಟಿಕ್ ಬಟ್ಟೆ ಒಳಗೆ ಕಾವು ಕಟ್ಟುತ್ತದೆ, ತೆಳು ಹತ್ತಿ ಬಟ್ಟೆ ಇರಲಿ.

ನನಗೆ ಎಲ್ಲಕ್ಕಿಂತ ದೊಡ್ಡ ಶತ್ರು ನನ್ನ ಅಡುಗೆಮನೆಯೇ. ಒನ್ ಬಿಎಚ್‌ಕೆಯ ಗೂಡಿನಂಥ ಅಡುಗೆಮನೆಯಲ್ಲಿ ಹಂಚಿನ ಮೇಲೆ ಬಗ್ಗಿ ಹದಿನೈದು ಜೋಳದ ರೊಟ್ಟಿ ಸುಡುವಾಗ ಆ ಹಬೆಯೆಲ್ಲ ಮುಖಕ್ಕೇ. ಈಗ ಎಕ್ಸಾಸ್ಟ್ ಹಾಕಿ, ಆರಾರು ರೊಟ್ಟಿಗೊಮ್ಮೆ ಬಿಡುವು ಕೊಟ್ಟು, ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಳ್ಳುತ್ತೇನೆ. ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೂ ಕಾವು ಇಳಿಯುತ್ತದೆ. ಐಸನ್ನು ಮುಖಕ್ಕೆ ನೇರವಾಗಿ ಉಜ್ಜಬೇಡಿ. ನೆಗಡಿಗೆಂದು ಹಬೆ ತೆಗೆದುಕೊಳ್ಳುವುದೂ, ಕುದಿಯುವ ನೀರಿನ ಸ್ನಾನವೂ ಬೇಡ.

"ಹಾಗಾದರೆ ಕಾಫಿ ಬಿಡಬೇಕಾ?" ಮೊದಲ ಪ್ರಶ್ನೆ ಎಲ್ಲರದೂ ಇದೇ. ಬೇಡ. 1981ರ ಒಂದು ಅಧ್ಯಯನದಲ್ಲಿ 60 ಡಿಗ್ರಿ ಬಿಸಿಯ ಕಾಫಿಯೂ ಅಷ್ಟೇ ಬಿಸಿಯ ಬರೀ ನೀರೂ ಮುಖ ಕೆಂಪು ಮಾಡಿದವು, ಆರಿದ ಕಾಫಿ ಮಾಡಲಿಲ್ಲ. 2018ರಲ್ಲಿ ಅಮೆರಿಕದ 80 ಸಾವಿರಕ್ಕೂ ಹೆಚ್ಚು ನರ್ಸುಗಳ ಮಾಹಿತಿ ನೋಡಿದಾಗ, ಕಾಫಿ ಹೆಚ್ಚು ಕುಡಿಯುವವರಲ್ಲಿ ರೋಸೇಶಿಯಾ ಕಡಿಮೆಯೇ ಕಂಡಿತು. ಫಿಲ್ಟರ್ ಕಾಫಿ ಕುಡಿಯಿರಿ, ಹತ್ತು ನಿಮಿಷ ಆರಿಸಿ ಕುಡಿಯಿರಿ. ಸಾರಿಗೂ ಇದೇ ಮಾತು. ಖಾರ, ಮದ್ಯ ಹಲವರಿಗೆ ಆಗುವುದಿಲ್ಲ. ಆದರೆ ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ಎರಡು ವಾರ ಕ್ಯಾಲೆಂಡರಿನಲ್ಲಿ ಬರೆದಿಡಿ: ಯಾವಾಗ ಉರಿಯಿತು, ಅದಕ್ಕೆ ಮೊದಲು ಏನು ತಿಂದಿರಿ, ಎಲ್ಲಿದ್ದಿರಿ. ನನಗೆ ಹಸಿಮೆಣಸಿನಕಾಯಿ ಚಟ್ನಿ ಆಗುವುದಿಲ್ಲ, ಬ್ಯಾಡಗಿ ಮೆಣಸಿನಕಾಯಿಯ ಸಾರು ನಡೆಯುತ್ತದೆ.

ಮುಖಕ್ಕೆ ಹಚ್ಚುವುದನ್ನು ಆದಷ್ಟು ಕಡಿಮೆ ಮಾಡಿ. ಸೋಪಿನ ಬದಲು ವಾಸನೆ ಇಲ್ಲದ ಮೃದು ಕ್ಲೆನ್ಸರ್, ಸಾದಾ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡ್ ಇರುವ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಇಷ್ಟು ಸಾಕು. ಸ್ಕ್ರಬ್, ಬ್ಲೀಚ್, ಪುದೀನ ಸಾರದ ತಂಪು ಜೆಲ್, ನಿಂಬೆರಸ ದೂರವಿರಲಿ.

ಔಷಧಿ ಇದೆ. ಮೆಟ್ರೊನಿಡಜೋಲ್, ಅಜೆಲಾಯಿಕ್ ಆಮ್ಲ ಅಥವಾ ಐವರ್ಮೆಕ್ಟಿನ್ ಕ್ರೀಮ್, ಗುಳ್ಳೆ ಜಾಸ್ತಿಯಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ, ಉಳಿದ ಕೆಂಪು ನರಗಳಿಗೆ ಲೇಸರ್. ಯಾವುದು, ಎಷ್ಟು ಎಂದು ಡಾಕ್ಟರು ಹೇಳಬೇಕು. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಆ ಮಾತು ಮೊದಲೇ ತಿಳಿಸಿ. ಪರಿಣಾಮ ಕಾಣಲು 6ರಿಂದ 12 ವಾರ ಬೇಕು. ಮೂರು ದಿನದ ಚಮತ್ಕಾರ ಇಲ್ಲಿಲ್ಲ. ಪೂರ್ತಿ ಹೋಗುವ ತೊಂದರೆಯೂ ಅಲ್ಲ, ಹತೋಟಿಯಲ್ಲಿ ಇಡುವಂಥದ್ದು. ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚಿದರೆ, ರೆಪ್ಪೆಯ ಅಂಚು ಕೆಂಪಾಗಿದ್ದರೆ ಕಣ್ಣಿನ ಡಾಕ್ಟರಿಗೂ ತೋರಿಸಿ. ರೋಸೇಶಿಯಾ ಕಣ್ಣಿಗೂ ಬರುತ್ತದೆ, ಬಿಟ್ಟರೆ ದೃಷ್ಟಿಗೆ ತೊಂದರೆಯಾಗಬಹುದು.

ಖಾಸಗಿ ಕ್ಲಿನಿಕ್ ದುಬಾರಿ ಎನ್ನಿಸಿದರೆ ಮುಂಬಯಿಯ ಕೆಇಎಂ, ಸಾಯನ್, ನಾಯರ್, ಪುಣೆಯ ಸಸೂನ್, ಹೈದರಾಬಾದಿನ ಉಸ್ಮಾನಿಯಾ, ದೆಹಲಿಯ ಏಮ್ಸ್, ಎಲ್ಲ ಕಡೆ ಚರ್ಮರೋಗ ವಿಭಾಗವಿದೆ. ಭಾಷೆಯ ವಿಷಯದಲ್ಲಿ ಒಂದು ಎಚ್ಚರ. ನಾನು ಮೊದಲ ಸಲ "ಖಾಜ್" ಎಂದುಬಿಟ್ಟೆ, ಅಂದರೆ ತುರಿಕೆ. ಅಲರ್ಜಿಯ ಮಾತ್ರೆ ಸಿಕ್ಕಿತು. ಉರಿಗೆ ಮರಾಠಿಯಲ್ಲಿ ಜಳಜಳ, ಹಿಂದಿಯಲ್ಲಿ ಜಲನ್, ತಮಿಳಿನಲ್ಲಿ ಎರಿಚ್ಚಲ್, ತೆಲುಗಿನಲ್ಲಿ ಮಂಟ. ಮನೆಯ ಹಿರಿಯರಿಗೂ ಈ ಪದ ಹೇಳಿಕೊಡಿ.

ಡಾಕ್ಟರ ಮುಂದೆ ಕೂತ ದಿನ ಮುಖ ತಣ್ಣಗಿರುವುದೇ ಹೆಚ್ಚು. ಉರಿಯುವ ದಿನ ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ಫೋಟೊ ತೆಗೆದಿಟ್ಟುಕೊಳ್ಳಿ. ಹೋಗುವಾಗ ಮೇಕಪ್ ಬೇಡ. ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬು, ಡಬ್ಬಿ, ಖಾಲಿಯಾದದ್ದನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ನಾಚಿಕೊಳ್ಳದೆ ಮೇಜಿನ ಮೇಲೆ ಸುರಿಯಿರಿ. ನನ್ನ ಚೀಲದಲ್ಲಿ 7 ಇದ್ದವು. ಅದರಲ್ಲಿ 4 ಸ್ಟಿರಾಯ್ಡ್.